ಸೀಮೆಸುಣ್ಣದ ಗೆರೆ

ಅಪ್ಪ ಯಂತ್ರದ ಕೊಟ್ಟಿಗೆಯ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದದ್ದು ಸೆಪ್ಟೆಂಬರಿನ ಒಂದು ಸೋಮವಾರ, ಬೆಳಗಿನ ಹಾಲು ಕರೆದಾದ ಮೇಲೆ. ಉದ್ದ ಹನ್ನೊಂದು ಅಡಿ, ಅಗಲ ಏಳು. ಎತ್ತರ ಅಪ್ಪನ ಭುಜದಷ್ಟು. ಅದಕ್ಕೆ ಗೋಡೆಯ ಮೇಲೆ ಬೇರೆ ಗುರುತು ಹಾಕಿದ. ರೈಲಿನ ಡಬ್ಬಿಯಲ್ಲಿ, ಆಮೇಲೆ ಹಡಗಿನಲ್ಲಿ, ಎಂಟು ಜನರ ಮನೆಗೆಂದು ನಮ್ಮ ಚರ್ಚಿನ ಸಭೆಯವರು ಅಳೆದುಕೊಟ್ಟ ಜಾಗ ಅಷ್ಟೇ. ಮೆಕ್ಸಿಕೋದ ಚಿವಾವಾ ಬಯಲಿನಲ್ಲಿ ನಲವತ್ತೈದು ವರ್ಷ ಬಾಳಿದ ಸಂಸಾರ ಆ ಗೆರೆಯೊಳಗೆ ಹಿಡಿಸಬೇಕು. ಹಿಡಿಸಿದ್ದು ಬೊಲಿವಿಯಾಗೆ, ಹಿಡಿಸದ್ದು ಹರಾಜಿಗೆ.

ನಾವು ಊರು ಬಿಟ್ಟದ್ದು ಹೊಟ್ಟೆಗಿಲ್ಲದೆ ಅಲ್ಲ, ರಬ್ಬರ್ ಟೈರಿನ ದೆಸೆಯಿಂದ. ಇದನ್ನು ಹೇಳಿದರೆ ಹೊರಗಿನವರು ನಗುತ್ತಾರೆ, ನಕ್ಕುಕೊಳ್ಳಲಿ. ನಮ್ಮ ಸಭೆಯ ಕಟ್ಟಳೆಯಲ್ಲಿ ಟ್ರ್ಯಾಕ್ಟರಿಗೆ ಕಬ್ಬಿಣದ ಗಾಲಿಯೇ ಇರಬೇಕು. ಕಬ್ಬಿಣದ ಗಾಲಿ ಹೊಲ ದಾಟಿ ದೂರ ಹೋಗುವುದಿಲ್ಲ. ರಬ್ಬರ್ ಹಾಕಿದರೆ ಹುಡುಗರು ಅದರ ಮೇಲೆ ಕೂತು ಪೇಟೆಗೆ ಹೋಗುತ್ತಾರೆ, ಪೇಟೆಗೆ ಹೋದವರು ಸಿನಿಮಾಕ್ಕೆ ಹೋಗುತ್ತಾರೆ, ಆಮೇಲೆ ಅವರು ನಮ್ಮವರಾಗಿ ಉಳಿಯುವುದಿಲ್ಲ. ಹಿರಿಯರ ಲೆಕ್ಕ ಅದು. ಆ ವರ್ಷ, ಎಂದರೆ ಅರವತ್ತೇಳರಲ್ಲಿ, ನಮ್ಮೂರು ರೋಸೆನ್‌ಗಾರ್ಟಿನಲ್ಲೇ ಆರು ಮನೆಯವರು ರಬ್ಬರ್ ಹಾಕಿಸಿ ಸಭೆಯಿಂದ ಬಹಿಷ್ಕಾರ ಹಾಕಿಸಿಕೊಂಡಿದ್ದರು. ಇನ್ನು ಇಲ್ಲಿದ್ದರೆ ಮಕ್ಕಳು ಕೈಗೆ ದಕ್ಕುವುದಿಲ್ಲವೆಂದು ಊರಿನ ಅರ್ಧ ಜನ ಬೊಲಿವಿಯಾದ ಕಾಡಿನ ಕಡೆ ಮುಖ ಮಾಡಿದರು. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮುಂಚೆ "ಹೋಗೋಣ" ಅಂದವಳು ಅಜ್ಜಿ ಅಗಾನೆಥಾ, ಅಪ್ಪನ ತಾಯಿ. ಅವಳಿಗೆ ಎಪ್ಪತ್ತೊಂದು. ಅಪ್ಪ ಇಸಾಕ್ ಇನ್ನೂ ಯೋಚನೆ ಮಾಡುತ್ತಿದ್ದಾಗ ಅಜ್ಜಿ ಯೋಚನೆ ಮಾಡಿ ಮುಗಿಸಿದ್ದಳು.

ನನಗಾಗ ಹದಿಮೂರು. ನನ್ನ ಮೇಲೆ ಹದಿನಾರರ ಯಾಕೋಬ, ಅವನ ಮೇಲೆ ಹತ್ತೊಂಬತ್ತರ ಅಕ್ಕ ಲೇನಾ. ಕೆಳಗೆ ನಾಲ್ಕು ವರ್ಷದ ಅವಳಿಗಳು. ಅವರಿಗೆ ಆ ಗೆರೆ ಆಟದ ಅಂಕಣ. ಉಳಿದವರಿಗೆಲ್ಲ ಅದು ಜಗಳದ ಅಂಕಣವಾಯಿತು.

ಮೊದಲ ಜಗಳ ಒಲೆಯದು. ಬೀಡುಕಬ್ಬಿಣದ ಒಲೆ, ಆರು ಪಾತ್ರೆ ಒಟ್ಟಿಗೆ ಇಡಬಹುದು, ಹೊಟ್ಟೆಯೊಳಗೆ ಇಪ್ಪತ್ತು ಬನ್ನು ಒಂದೇ ಸಲ ಬೇಯುತ್ತವೆ. ಅಜ್ಜಿ ಕೆನಡಾದಿಂದ ಬರುವಾಗ ತಂದದ್ದು. ಅದು ಹೋಗಲೇಬೇಕೆಂದು ಅಮ್ಮ ಹಿಡಿದಳು. ಅದನ್ನಿಟ್ಟರೆ ಎರಡನೆಯ ನೇಗಿಲಿಗೂ ಕೆನೆ ತೆಗೆಯುವ ಯಂತ್ರಕ್ಕೂ ಜಾಗವಿಲ್ಲವೆಂದು ಅಪ್ಪ ಹಿಡಿದ. ನೇಗಿಲ ಮೇಲೆ ಬನ್ನು ಸುಡಲಾ ಎಂದು ಅಮ್ಮ ಕೇಳಿದಳು. ನೇಗಿಲಿಲ್ಲದಿದ್ದರೆ ಬನ್ನಿಗೆ ಗೋಧಿ ಅಬ್ರಾಮ ಕೊಡ್ತಾನಾ ಎಂದು ಅಪ್ಪ ಕೇಳಿದ. ಅಬ್ರಾಮ ಎಂದರೆ ಅಮ್ಮನ ತಮ್ಮ, ನಮಗಿಂತ ಎಂಟು ತಿಂಗಳು ಮುಂಚೆ ಹೋದವನು. ತವರಿನ ಹೆಸರು ಬಂದದ್ದರಿಂದ ಆ ಹೊತ್ತಿನ ಬಟಾಣಿ ಸಾರಿಗೆ ಉಪ್ಪೇ ಬೀಳಲಿಲ್ಲ. ಯಾರೂ ಕೇಳಲೂ ಇಲ್ಲ.

ಆ ವಾರವೇ ಅಬ್ರಾಮ ಮಾವನ ಕಾಗದ ಬಂತು. ಭಾನುವಾರ ಮಧ್ಯಾಹ್ನದ ಕಾಫಿಗೆ ಎಲ್ಲರೂ ಕೂತಾಗ ಅಪ್ಪ ಗಟ್ಟಿಯಾಗಿ ಓದಿದ. ಇಲ್ಲಿ ಚಳಿ ಅನ್ನುವುದೇ ಇಲ್ಲ, ಸೊಳ್ಳೆ ಇದೆ, ನೆಲ ಕಪ್ಪಗಿದೆ, ಮರ ಕಡಿದಷ್ಟೂ ಇದೆ. ಕೊಡಲಿ ತನ್ನಿ, ಗರಗಸ ತನ್ನಿ, ಸೊಳ್ಳೆಪರದೆ ತನ್ನಿ. ಉಣ್ಣೆ ಕೋಟು ಬೇಡ. ಗರಿಯ ಹಾಸಿಗೆ, ಗರಿಯ ಹೊದಿಕೆ ಖಂಡಿತ ಬೇಡ, ಬೂಷ್ಟು ಹಿಡಿಯುತ್ತದೆ.

ಎಲ್ಲರ ಕಣ್ಣೂ ಅಜ್ಜಿಯ ಕಡೆ ಹೋಯಿತು. ದೊಡ್ಡ ಕೋಣೆಯಲ್ಲಿ ನೆಂಟರ ಮಂಚದ ಮೇಲೆ ಗರಿಯ ಹಾಸಿಗೆ ಮೂರು, ಹೊದಿಕೆ ನಾಲ್ಕು, ದಿಂಬು ಹತ್ತು, ಸೂರು ಮುಟ್ಟುವ ಹಾಗೆ ಪೇರಿಸಿಟ್ಟಿದ್ದವು. ಅದರ ಮೇಲೆ ಯಾರೂ ಮಲಗಿದ್ದನ್ನು ನಾನು ಕಂಡಿಲ್ಲ. ಮಲಗುವುದಕ್ಕಲ್ಲ ಅದು, ಆ ಮನೆಯ ಹೆಂಗಸರು ಕೈಕಟ್ಟಿ ಕೂತವರಲ್ಲ ಎಂದು ನೆಂಟರು ನೋಡುವುದಕ್ಕೆ. ಅಜ್ಜಿ ಬನ್ನಿಗೆ ಪ್ಲಮ್ ಹಣ್ಣಿನ ಜಾಮು ಸವರುತ್ತ ಸಾವಕಾಶವಾಗಿ ಹೇಳಿದಳು.

"ಅಬ್ರಾಮನಿಗೆ ಹುಟ್ಟಿದಾಗಿಂದ್ಲೂ ಮೈಬಿಸಿ. ಹಿಮ ಬೀಳೋವಾಗ್ಲೂ ಅಂಗಿ ಬಿಚ್ಕೊಂಡು ಓಡಾಡ್ತಿದ್ದ. ಅವನ ಮಾತು ಕೇಳ್ಕೊಂಡು ಹಾಸಿಗೆ ಬಿಟ್ಟು ಹೋಗೋದಾ?"

ಹಾಸಿಗೆಗಳು ಗೆರೆಯೊಳಗೆ ಹೋದವು. ಒತ್ತಿ ಒತ್ತಿ ಕಟ್ಟಿದರೂ ಕಾಲುಭಾಗ ಜಾಗ ತಿಂದವು. ಅಜ್ಜಿ ಹೋದ ಸಲ ಏನೇನು ತಂದಿದ್ದಳೆಂದು ಯಾಕೋಬ ಬೇಕೆಂದೇ ಕೆದಕಿದ. ಇಪ್ಪತ್ತೆರಡರಲ್ಲಿ ಕೆನಡಾದ ಮ್ಯಾನಿಟೋಬಾದಿಂದ ಬರುವಾಗ ಅಜ್ಜ ಹಿಮದ ಮೇಲೆ ಎಳೆಯುವ ಜಾರುಗಾಡಿಯನ್ನು ರೈಲಿಗೆ ಹಾಕಿಕೊಂಡು ಬಂದಿದ್ದ. ಇಲ್ಲಿ ಹಿಮ ಬಿದ್ದರೂ ಮಧ್ಯಾಹ್ನಕ್ಕೆ ಕರಗಿ ಕೆಸರು. ಜಾರುಗಾಡಿ ಕೋಳಿಗಳ ಮನೆಯಾಯಿತು, ನಾನು ಹುಟ್ಟುವ ತನಕವೂ ಅದರಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವಂತೆ. ಅಜ್ಜಿ ಇದನ್ನು ನಗುತ್ತಲೇ ಹೇಳುವಳು. ಆದರೆ ಅಲ್ಲಿಂದ ಹೊರಟ ದಿನದ ಮಾತು ಬಂದರೆ ಎದ್ದು ಪಾತ್ರೆ ತೊಳೆಯಲು ಹೋಗುವಳು.

ಗೆರೆಯ ಮೂಲೆಯಲ್ಲಿ ಎಲ್ಲಕ್ಕಿಂತ ಮೊದಲು ಅಪ್ಪ ಇಟ್ಟದ್ದು ಲೇನಾಳ ಪೆಟ್ಟಿಗೆ. ನಮ್ಮಲ್ಲಿ ಹೆಣ್ಣುಮಗುವಿಗೆ ಒಂದು ಮರದ ಪೆಟ್ಟಿಗೆ ಮಾಡಿಸುತ್ತಾರೆ. ಮದುವೆಯ ತನಕ ಅದು ತುಂಬುತ್ತ ಹೋಗಬೇಕು: ದುಪ್ಪಟಿ, ದಿಂಬಿನ ಚೀಲ, ಮೇಜಿನ ಬಟ್ಟೆ, ಚಮಚಗಳು. ಲೇನಾಳದನ್ನು ಅಜ್ಜ ಸಾಯುವ ಮುಂಚಿನ ಚಳಿಗಾಲ ತಾನೇ ಕೂತು ಮಾಡಿದ್ದ. ಪೈನ್ ಮರ, ಕಂದು ಬಣ್ಣ, ಕಬ್ಬಿಣದ ಹಿಡಿ. ಅವಳು ಒಂಬತ್ತು ವರ್ಷದಿಂದ ಹೊಲಿದು ಹೊಲಿದು ತುಂಬಿದ್ದಳು, ಮುಚ್ಚಳ ಹಾಕಲು ನಾನು ಮೇಲೆ ಹತ್ತಿ ಕೂರಬೇಕಾಗುತ್ತಿತ್ತು.

ಆ ಪೆಟ್ಟಿಗೆ ಎಲ್ಲಿಗೆ ಹೋಗುತ್ತದೋ ಲೇನಾ ಅಲ್ಲಿಗೆ. ಅದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅಪ್ಪ ಅದನ್ನು ಮೊದಲು ಇಟ್ಟದ್ದು.

ಯಾಕೆಂದರೆ ಬೆರ್ನ್ ಇದ್ದ. ಬೆರ್ನ್ ಲೇವನ್, ಬೀದಿಯ ಕೊನೆಯ ಮನೆಯವನು, ಎತ್ತರದ ಹುಡುಗ, ಮಾತು ಕಡಿಮೆ. ಅವನ ಅಪ್ಪ ಟ್ರ್ಯಾಕ್ಟರಿಗೆ ರಬ್ಬರ್ ಹಾಕಿಸಿದ್ದ, ಓಡಿಸುತ್ತಿದ್ದವನು ಬೆರ್ನ್. ಹಾಗಾಗಿ ಬಹಿಷ್ಕಾರ ಇಬ್ಬರಿಗೂ. ಬಹಿಷ್ಕಾರ ಬಿದ್ದವರ ಜೊತೆ ನಾವು ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ, ಅವರ ಕೈಯಿಂದ ಏನನ್ನೂ ತೆಗೆದುಕೊಳ್ಳುವಂತಿಲ್ಲ. ಅಕ್ಟೋಬರಿನ ಮೊದಲ ಭಾನುವಾರ ಅವನು ಟೋಪಿ ಕೈಯಲ್ಲಿ ಹಿಡಿದು ಹೆಣ್ಣು ಕೇಳಲು ಬಂದ. ಅಮ್ಮನಿಗೆ ಅವನ ಮೇಲೆ ಪ್ರೀತಿಯೇ. ಆದರೂ ಸಣ್ಣ ಮೇಜೊಂದನ್ನು ತಂದು, ನಮ್ಮ ಮೇಜಿಗೆ ತಾಗದಂತೆ ಒಂದಂಗುಲ ದೂರ ಇಟ್ಟು, ಅದರ ಮೇಲೆ ಅವನ ಕಾಫಿ ಇಟ್ಟಳು. ಒಂದಂಗುಲ ಬಿಟ್ಟರೆ ಅದು ಬೇರೆ ಮೇಜು. ಅವನು ಅದನ್ನು ಗಮನಿಸದವನ ಹಾಗೆ ಕುಡಿದ.

ಅಪ್ಪ ಕೆಟ್ಟವನಲ್ಲ. ಸಭೆಯ ಮುಂದೆ ಮೊಣಕಾಲೂರಿ ತಪ್ಪಾಯಿತು ಅನ್ನು, ನಮ್ಮ ಜೊತೆ ಬಾ, ಹುಡುಗಿಯನ್ನು ಸಂತೋಷವಾಗಿ ಕೊಡುತ್ತೇನೆ ಎಂದ. ಬೆರ್ನ್ ಅದಕ್ಕೆ ಹೇಳಿದ್ದು ಎರಡೇ ಮಾತು. ಕಬ್ಬಿಣದ ಗಾಲಿಯ ಮೇಲೆ ಇಪ್ಪತ್ತು ವರ್ಷ ಕುಲುಕಿ ಅವನಪ್ಪನ ಬೆನ್ನು ಹೋಗಿದೆ, ಬಾಗಿ ಬೂಟು ಹಾಕಿಕೊಳ್ಳಲೂ ಆಗುವುದಿಲ್ಲ. ಕೆಳಗೆ ಆರು ಮಕ್ಕಳಿದ್ದಾರೆ. "ಅವ್ರನ್ನ ಬಿಟ್ಟು ಹೆಂಗೆ ಬರ್ಲಿ?" ಎಂದ. ಅದಕ್ಕೆ ಅಪ್ಪನ ಬಳಿ ಇದ್ದದ್ದು ಕಟ್ಟಳೆ.

ಆ ರಾತ್ರಿಯ ಊಟಕ್ಕೆ ಹುರಿದ ಆಲೂಗಡ್ಡೆ, ಸಾಸೇಜು. ಲೇನಾ ತಟ್ಟೆ ಮುಟ್ಟಲಿಲ್ಲ. ತಾನು ಬರುವುದಿಲ್ಲ, ಪೇಟೆಯಲ್ಲಿರುವ ಬೇರೆ ಸಭೆಯಲ್ಲಿ ಮದುವೆ ಮಾಡಿಕೊಳ್ಳುತ್ತೇನೆ ಎಂದಳು. ಅಮ್ಮ ಅಳಲು ಶುರುಮಾಡಿದಳು. ಹೊರಗಿನ ಸಭೆಯ ಮದುವೆಗೆ ನಮ್ಮವರು ಒಬ್ಬರೂ ಬರುವುದಿಲ್ಲ, ಹೆತ್ತವರು ಹಡಗಿನಾಚೆ, ಹೆರಿಗೆಗೆ ಯಾರು, ಕಾಯಿಲೆಗೆ ಯಾರು ಎಂದು ಕೇಳಿದಳು. ಲೇನಾಳಿಗೂ ಇದ್ದ ಹೆದರಿಕೆ ಅದೊಂದೇ. ಅಪ್ಪ ಮೆತ್ತಗಾಗುವಂತೆ ಕಂಡಾಗ ಅಜ್ಜಿ ಫೋರ್ಕು ಕೆಳಗಿಟ್ಟಳು.

"ಏನೋ ಇಸಾಕ, ಟೈರಿಗೆ ಮಗಳನ್ನ ಕೊಡ್ತೀಯೇನೋ?"

ಅಷ್ಟೇ. ಲೇನಾ ಎದ್ದು ಹೋದಳು, ಆಮೇಲೆ ಎರಡು ವಾರ ಅಜ್ಜಿಯ ಜೊತೆ ಮಾತಾಡಲಿಲ್ಲ.

ಪೆಟ್ಟಿಗೆಯ ಓಡಾಟ ಆಗ ಶುರುವಾಯಿತು. ಬೆಳಗ್ಗೆ ನೋಡಿದರೆ ಅದು ಗೆರೆಯ ಹೊರಗೆ. ಮಧ್ಯಾಹ್ನಕ್ಕೆ ಅಮ್ಮ ಅದನ್ನು ಒಳಗೆ ನೂಕಿರುತ್ತಿದ್ದಳು. ಅಮ್ಮನ ನಂಬಿಕೆ, ಪೆಟ್ಟಿಗೆ ಡಬ್ಬಿ ಸೇರಿ ಮೊಳೆ ಹೊಡೆದುಬಿಟ್ಟರೆ ಹುಡುಗಿ ಅದರ ಹಿಂದೆಯೇ ಬರುತ್ತಾಳೆ ಎಂದು. ದಿನಕ್ಕೆರಡು ಸಲ ಎಳೆದು ನೂಕಿ ಸೀಮೆಸುಣ್ಣ ಅಲ್ಲಿ ಅಳಿಸಿಹೋಯಿತು, ಅಪ್ಪ ಮತ್ತೆ ಎಳೆದ. ಯಾಕೋಬ ಅಕ್ಕನಿಗೆ, ಪೆಟ್ಟಿಗೆಗೂ ಟೈರು ಹಾಕಿಸು, ಸೊಂಟ ಉಳಿಯುತ್ತೆ ಎಂದ. ಅವಳು ಅಂದು ಮೊದಲ ಸಲ ನಕ್ಕಳು, ಆಮೇಲೆ ಅತ್ತಳು.

ನವೆಂಬರ್ ಬಂತು. ಹೊಲ ಮಾರಾಟವಾಯಿತು, ಮನೆಯನ್ನು ಅಪ್ಪನ ಚಿಕ್ಕಪ್ಪನ ಮಗ ಕೊಂಡ. ಹಂದಿ ಕಡಿದು ಕೊಬ್ಬು ಕಾಯಿಸುವ ದೊಡ್ಡ ಕೊಪ್ಪರಿಗೆ ಗೆರೆಯೊಳಗೆ ಹೋಯಿತು, ಅದರ ಹೊಟ್ಟೆಯೊಳಗೆ ಅಜ್ಜಿಯ ಗೋಡೆ ಗಡಿಯಾರ, ಗಡಿಯಾರದ ಸುತ್ತ ಅವಳಿಗಳ ಬಟ್ಟೆ. ಒಲೆ ಒಂದು ದಿನ ಒಳಗೆ, ಒಂದು ದಿನ ಹೊರಗೆ. ಕೊನೆಗೆ ಅಪ್ಪ ಬೇಸತ್ತ. ಭಾನುವಾರ ಸಭೆ ಬಿಟ್ಟ ಮೇಲೆ, ಗಂಡಸರೆಲ್ಲ ಟೋಪಿ ಹಾಕಿಕೊಳ್ಳುತ್ತಿದ್ದ ಹೊತ್ತಿನಲ್ಲಿ, ಎಲ್ಲರಿಗೂ ಕೇಳುವಂತೆ ಹೇಳಿದ: ಬರುವ ಶನಿವಾರ ತನ್ನ ಮನೆಯಲ್ಲಿ ಹರಾಜು. ಅಂದು ಬೆಳಗ್ಗೆ ಗೆರೆಯ ಒಳಗಿದ್ದದ್ದು ಹೋಗುತ್ತದೆ, ಹೊರಗಿದ್ದದ್ದೆಲ್ಲ ಮಾರಾಟಕ್ಕೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಜನ ಆಣೆ ಇಡುವುದಿಲ್ಲ. ಕೋರ್ಟಿನಲ್ಲಿ ನಿಲ್ಲಿಸಿದರೂ ಇಡುವುದಿಲ್ಲ. ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ. ನಾಲ್ಕು ಜನರ ಮುಂದೆ ಆಡಿದ್ದನ್ನು ಹಿಂದಕ್ಕೆ ತೆಗೆದುಕೊಂಡವನ ಜೊತೆ ಆಮೇಲೆ ಯಾರೂ ವ್ಯವಹಾರ ಮಾಡುವುದಿಲ್ಲ. ಅಪ್ಪ ಆಡಿದ್ದು ಇನ್ನೂರು ಜನರ ಮುಂದೆ.

ಶುಕ್ರವಾರ ಸಂಜೆ ಲೇನಾ ಪೆಟ್ಟಿಗೆಯನ್ನು ಕೊನೆಯ ಸಲ ಹೊರಗೆಳೆದಳು. ಯಾಕೋಬ ಇನ್ನೊಂದು ಹಿಡಿ ಹಿಡಿದ. ಊಟಕ್ಕೆ ಕೂತಾಗ ಅವಳು ಅಪ್ಪನಿಗೆ ನೇರವಾಗಿ ಹೇಳಿದಳು.

"ನಂದು ಗೆರೆಯಿಂದ ಆಚೆ ಇದೆ ಅಪ್ಪ. ಅಲ್ಲೇ ಇರಲಿ."

ಅಪ್ಪ ಬ್ರೆಡ್ಡು ಮುರಿದು ತಟ್ಟೆಯ ಅಂಚಿಗಿಟ್ಟ. ಆಮೇಲೆ ತಲೆಯಾಡಿಸಿದ. ಅವಳು ಉಳಿಯುತ್ತಾಳೆ ಎಂದು ಅವನು ಅರ್ಥಮಾಡಿಕೊಂಡ, ಅವನು ಒಪ್ಪಿದ ಎಂದು ಅವಳು ಅರ್ಥಮಾಡಿಕೊಂಡಳು. ಅಮ್ಮ ಸೆರಗಿನಂಥ ತನ್ನ ಕಪ್ಪು ಶಾಲನ್ನು ಬಾಯಿಗೆ ಒತ್ತಿಕೊಂಡಳು. ಹೋಗುವುದು, ಉಳಿಯುವುದು, ಇದೇ ನಮ್ಮೆಲ್ಲರ ತಲೆಯಲ್ಲಿ. ಹರಾಜು ಅನ್ನುವುದೊಂದು ಇದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ಶನಿವಾರ ಬೆಳಗ್ಗೆ ಅಂಗಳ ತುಂಬ ಜನ. ಉಳಿಯುವವರು, ಹೋಗುವವರು, ಪೇಟೆಯ ಮೆಕ್ಸಿಕನ್ ವ್ಯಾಪಾರಿಗಳು. ಹೆಂಗಸರು ಸೂರ್ಯಕಾಂತಿ ಬೀಜ ಒಡೆದು ಸಿಪ್ಪೆ ಉಗುಳುತ್ತ ಬೇಲಿಯ ಪಕ್ಕ ನಿಂತಿದ್ದರು. ಹರಾಜು ಕೂಗುವವನು ನೆರೆಯ ಯೋಹಾನ್ ಫೇರ್, ದೊಡ್ಡ ಗಂಟಲಿನ ಮನುಷ್ಯ. ಬೇಡದ ಕೋಟುಗಳು ಹೋದವು, ಕುದುರೆಗಾಡಿ ಹೋಯಿತು, ಹಾಲಿನ ಡಬ್ಬಗಳು, ಬಟ್ಟೆ ಒಗೆಯುವ ತೊಟ್ಟಿ, ನಾನು ಹುಟ್ಟಿದ ಮಂಚ. ನನಗೆ ಅಳು ಬರಲಿಲ್ಲ. ಮಂಚವನ್ನು ತಲೆಕೆಳಗಾಗಿ ಹೊತ್ತು ಹೋದದ್ದಕ್ಕೆ ಮಾತ್ರ ಸಿಟ್ಟು ಬಂತು. ಅಷ್ಟರಲ್ಲಿ ಕೊಟ್ಟಿಗೆಯಿಂದ ಸಾಮಾನು ಹೊರುತ್ತಿದ್ದ ಇಬ್ಬರು ಲೇನಾಳ ಪೆಟ್ಟಿಗೆಯನ್ನು ತಂದು ಯೋಹಾನನ ಮುಂದಿನ ಹಲಗೆಯ ಮೇಲೆ ಇಟ್ಟರು. ಗೆರೆಯ ಹೊರಗಿತ್ತು, ತಂದರು. ಅವರ ತಪ್ಪೇನೂ ಇಲ್ಲ.

ಯೋಹಾನ ಮುಚ್ಚಳ ತೆಗೆದು ಒಂದು ದುಪ್ಪಟಿಯನ್ನು ಎತ್ತಿ ತೋರಿಸಿದ. ಒಳ್ಳೆ ಕಸೂತಿ, ಪೆಟ್ಟಿಗೆ ಸಮೇತ, ಐವತ್ತು ಪೆಸೊದಿಂದ ಶುರು ಎಂದು ಕೂಗಿದ. ಪೇಟೆಯ ಅಂಗಡಿಯ ದೋನ್ ಇಲಾರಿಯೊ ಕೈ ಎತ್ತಿದ. ಲೇನಾ ಅಡುಗೆಮನೆಯಿಂದ ಓಡಿ ಬಂದಳು, ಕೈಯೆಲ್ಲ ಹಿಟ್ಟು.

"ಅಪ್ಪ, ಅದು ನಂದು. ಬೇಡ ಅನ್ನು."

ಅಪ್ಪನ ಮುಖ ಸುಣ್ಣದ ಗೋಡೆಯಂತಾಯಿತು. ಹೊರಗಿದ್ದದ್ದೆಲ್ಲ ಎಂದು ಅವನೇ ಹೇಳಿದ್ದ. ಮಗಳದ್ದು ಬಿಟ್ಟು ಎಂದು ಹೇಳಿರಲಿಲ್ಲ. ಸುತ್ತಲೂ ನಿಂತವರಿಗೆ ಅದು ಗೊತ್ತು, ಅವನಿಗೂ ಗೊತ್ತು. ಮಾರುವವನು ತಾನೇ ಕೂಗಿ ಕೊಳ್ಳುವಂತೆಯೂ ಇಲ್ಲ, ಅದು ಮೋಸ. ಬೆರ್ನ್ ಗೇಟಿನ ಹೊರಗೆ ನಿಂತಿದ್ದ. ಅವನ ಕೈ ಜೇಬಿಗೆ ಹೋಯಿತು, ಖಾಲಿ ಹೊರಗೆ ಬಂತು. ಬಹಿಷ್ಕಾರದವನ ಕೈಯಿಂದ ಯೋಹಾನ ಒಂದು ಪೆಸೊ ಕೂಡ ಮುಟ್ಟುವಂತಿಲ್ಲ. ನಮ್ಮವರು ಯಾರಾದರೂ ಕೂಗಬಹುದಿತ್ತು, ಯಾರೂ ಕೂಗಲಿಲ್ಲ. ಟೈರಿನವನ ಮನೆಗೆ ಹೋಗುವ ಪೆಟ್ಟಿಗೆಗೆ ಕೈ ಹಾಕುವ ಧೈರ್ಯ ಅಷ್ಟು ಜನರಲ್ಲಿ ಒಬ್ಬರಿಗೂ ಬರಲಿಲ್ಲ, ಇದನ್ನು ನಾನು ಇವತ್ತಿಗೂ ಮರೆತಿಲ್ಲ. ದೋನ್ ಇಲಾರಿಯೊ ಎಂಬತ್ತು ಅಂದ. ಯೋಹಾನ ಒಂದು ಸಲ, ಎರಡು ಸಲ ಎಂದ.

"ನೂರು," ಎಂದು ಬೇಲಿಯ ಕಡೆಯಿಂದ ಕೇಳಿಸಿತು.

ಅಜ್ಜಿ. ಕೈಯಲ್ಲಿ ಸೂರ್ಯಕಾಂತಿ ಬೀಜದ ಕಾಗದದ ಪೊಟ್ಟಣ. ದೋನ್ ಇಲಾರಿಯೊ ನಕ್ಕು ನೂರಿಪ್ಪತ್ತು ಅಂದ. ಅಜ್ಜಿ ಇನ್ನೂರು ಅಂದಳು. ಅವನು ಟೋಪಿ ತೆಗೆದು ಹಿಂದಕ್ಕೆ ಸರಿದ. ಯೋಹಾನ ಕೂಗುವುದನ್ನು ನಿಲ್ಲಿಸಿ ಮಾಮೂಲಿ ದನಿಯಲ್ಲಿ, ಮುಜುಗರದಿಂದಲೇ ಕೇಳಿದ.

"ಅಜ್ಜಮ್ಮ, ಮಾರೋ ಮನೆಯವ್ರೇ ಕೊಳ್ಳೋ ಹಂಗಿಲ್ವಲ್ಲ. ನಿಮಗೆ ಗೊತ್ತಿರೋದೇ."

ಅಜ್ಜಿಗೆ ವಿಧವೆಯ ಪಾಲು ಬೇರೆ ಇತ್ತು, ಹಣ ಅವಳದೇ. ಹಣದ ಮಾತಲ್ಲ ಅದು. ಅಪ್ಪನ ಮನೆಯವಳು, ಅಪ್ಪನ ಜೊತೆ ಹೋಗುವವಳು, ಅಪ್ಪನ ಸಾಮಾನು ಕೊಳ್ಳುವುದು ಹೇಗೆ? ಅಜ್ಜಿ ಬಾಯಲ್ಲಿದ್ದ ಸಿಪ್ಪೆಯನ್ನು ಉಗುಳಿದಳು. ಲೇನಾಳ ಕಡೆ ನೋಡಿದಳು, ಆಮೇಲೆ ಯೋಹಾನನ ಕಡೆ.

"ನಾನು ಮಾರೋರ ಪೈಕಿ ಅಲ್ಲ ಯೋಹಾನ. ನಾನು ಇಲ್ಲೇ ಇರೋಳು."

ಇನ್ನೂರು ಜನ ಕೇಳಿಸಿಕೊಂಡರು. ಅಪ್ಪ "ಅಮ್ಮ" ಅಂದ, ಬೇಲಿಯ ಕಡೆ ಒಂದು ಹೆಜ್ಜೆ ಇಟ್ಟ. ಆಡಿದ ಮಾತು ಆಡಿದ ಹಾಗೆಯೇ, ಅವನಿಗೆ ಆ ಪಾಠ ಕಲಿಸಿದವಳೇ ಅವಳು. ಯೋಹಾನ ಮೂರನೆಯ ಸಲ ಎಂದು ಕೂಗಿ ಸುತ್ತಿಗೆ ಹೊಡೆದ.

ಸಂಜೆ ಖಾಲಿ ಅಡುಗೆಮನೆಯಲ್ಲಿ ಪೆಟ್ಟಿಗೆಗಳ ಮೇಲೆ ಕೂತು ಹುರುಳಿಯಂಥ ಕೆಂಪು ಕಾಳಿನ ಪಲ್ಯ ತಿಂದೆವು. ಅಪ್ಪ ತಿನ್ನಲಿಲ್ಲ. ಬಾಯಿತಪ್ಪಿ ಬಂತು ಅನ್ನು ಅಮ್ಮ, ವಯಸ್ಸಾದವಳು, ಹಿರಿಯರು ಒಪ್ಪುತ್ತಾರೆ ಎಂದು ಬೇಡಿಕೊಂಡ. ನೀನೇ ಅಲ್ಲವಾ ಹೊರಡಿಸಿದ್ದು, ಈಗ ನಿನ್ನನ್ನು ಬಿಟ್ಟು ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದ. ಅಮ್ಮ ಅಜ್ಜಿಯ ಕೈ ಹಿಡಿದುಕೊಂಡು, ನೀವು ಬನ್ನಿ ಅತ್ತೆ, ನಾನು ಉಳಿದುಕೊಳ್ಳುತ್ತೇನೆ ಎಂದಳು. ಅಜ್ಜಿ ಗದರಿಸಿದಳು.

"ನೀನು ಉಳಿದ್ರೆ ಇವುಗಳನ್ನ ಯಾರೇ ನೋಡ್ಕೊಳ್ಳೋದು? ಸುಮ್ನಿರು."

ಆಮೇಲೆ ಅವಳು ನಾವು ಯಾವತ್ತೂ ಕೇಳದ ಮಾತು ಹೇಳಿದಳು. ತಲೆ ಎತ್ತದೆ, ತಟ್ಟೆಯ ಕಾಳನ್ನು ಚಮಚದಲ್ಲಿ ಒತ್ತಟ್ಟಿಗೆ ಕೂಡಿಸುತ್ತ.

"ಕೆನಡಾ ಬಿಡೋವಾಗ ನಮ್ಮಮ್ಮ ಬರಲ್ಲ ಅಂದ್ಲು. ನಾನು ಅವಳ ಜೊತೆ ಕೂತು ಒಂದಿನ ಮಾತಾಡ್ಲಿಲ್ಲ. ಪುರುಸೊತ್ತೇ ಇರಲಿಲ್ಲ ನಂಗೆ, ಸಾಮಾನು ಕಟ್ತಾ ಇದ್ದೆ. ಒಲೆ ತಂದೆ, ಹಾಸಿಗೆ ತಂದೆ, ಜಾರುಗಾಡೀನೂ ತಂದೆ. ಅವಳನ್ನ ಬಿಟ್ಟು ಬಂದೆ. ಸ್ಟೇಷನ್‌ನಲ್ಲಿ ಅವಳು ಒಬ್ಳೇ ನಿಂತಿದ್ಲು ಕಣೋ ಇಸಾಕ. ಇವತ್ತು ಈ ಹುಡುಗಿ ಅಂಗಳದಲ್ಲಿ ಹಿಟ್ಟಿನ ಕೈಲಿ ನಿಂತಿದ್ದು ನೋಡಿದೆ. ಮತ್ತೆ ಒಬ್ಬಳನ್ನ ಹಂಗೆ ನಿಲ್ಲಿಸಿ ಹೋಗಕ್ಕೆ ನನ್ನ ಕೈಲಾಗಲ್ಲ."

"ಟೈರು?" ಎಂದ ಅಪ್ಪ.

"ಟೈರು ತಪ್ಪೇ. ಈಗ್ಲೂ ತಪ್ಪೇ ಅಂತೀನಿ. ಅವನ ಟ್ರ್ಯಾಕ್ಟರ್ ನಾನು ಹತ್ತಲ್ಲ. ಇವಳ ಹೆರಿಗೆಗೆ ನಡ್ಕೊಂಡು ಹೋಗ್ತೀನಿ."

ಲೇನಾ ಅಜ್ಜಿಯ ಪಕ್ಕ ನೆಲದ ಮೇಲೆ ಕೂತು ಅವಳ ತೊಡೆಯಲ್ಲಿ ಮುಖ ಇಟ್ಟಳು. ಅಜ್ಜಿ, ಊಟದ ಹೊತ್ತಿನಲ್ಲಿ ಇದೇನು ಎಂದು ಬೈದಳು, ತಲೆಯ ಮೇಲಿಂದ ಕೈ ಮಾತ್ರ ತೆಗೆಯಲಿಲ್ಲ.

ಎರಡು ದಿನ ಬಿಟ್ಟು ಸಭೆಯ ಹಿರಿಯರು ಬಂದರು. ಅವರೂ ಕಲ್ಲುಮನಸ್ಸಿನವರಲ್ಲ, ಟೋಪಿಯ ಅಂಚನ್ನು ತಿರುವುತ್ತ ಬಹಳ ಹೊತ್ತು ಹವಾಮಾನದ ಮಾತಾಡಿದರು. ಕೊನೆಗೆ ಹೇಳಬೇಕಾದ್ದನ್ನು ಹೇಳಿದರು. ಮದುವೆ ಜನವರಿಯಲ್ಲಿ. ಅಲ್ಲಿಯ ತನಕ ಅಗಾನೆಥಾ ನಮ್ಮವಳೇ. ಮದುವೆಯಾದ ದಿನದಿಂದ, ಬೆರ್ನ್‌ನ ಮನೆಯಲ್ಲಿ ಉಣ್ಣುವಷ್ಟು ಕಾಲ, ಅವಳೂ ಹೊರಗಿನವಳು. ಮಗ ಎಂದಾದರೂ ನೋಡಲು ಬಂದರೂ ಅವಳ ಕೈಯಿಂದ ತಿನ್ನುವ ಹಾಗಿಲ್ಲ. ಅಜ್ಜಿ ಎಲ್ಲ ಕೇಳಿಸಿಕೊಂಡು, ಇನ್ನೊಂದು ಲೋಟ ಕಾಫಿ ಬೇಕಾ ಎಂದು ಅವರನ್ನು ಕೇಳಿದಳು. ಅವರು ಬೇಕು ಎಂದರು. ಅಪ್ಪ ಎದ್ದು ಹಿತ್ತಲಿಗೆ ಹೋದ.

ಗೆರೆಯೊಳಗಿಂದ ಅಜ್ಜಿಯ ಸಾಮಾನು ಹೊರಗೆ ಬಂತು. ಹಿತ್ತಲಿನ ಸಣ್ಣ ಮನೆಯನ್ನು ಅಪ್ಪ ಚಿಕ್ಕಪ್ಪನ ಮಗನಿಂದ ಬಾಡಿಗೆಗೆ ತೆಗೆದುಕೊಂಡು, ಗಡಿಯಾರವನ್ನು ತಾನೇ ಗೋಡೆಗೆ ತೂಗುಹಾಕಿದ. ಒಲೆಯನ್ನು ಈಗ ಅಮ್ಮನೇ ಬಿಟ್ಟುಕೊಟ್ಟಳು. ಯಾಕೋಬನನ್ನೂ ಲೇನಾಳನ್ನೂ ಬೆರ್ನ್‌ನನ್ನೂ ಕರೆದು, ನಾಲ್ಕು ಮಂದಿ ಹಿಡಿದು ಅಜ್ಜಿಯ ಅಡುಗೆಮನೆಗೆ ಸಾಗಿಸಿ, ಕೊಳವೆ ಕೂಡಿಸಿ, ತಾನೇ ಮೊದಲ ಬೆಂಕಿ ಹಾಕಿ ಬಂದಳು. ಖಾಲಿಯಾದ ಜಾಗದಲ್ಲಿ ಅಪ್ಪ ಕೊಡಲಿ, ಗರಗಸ, ಎರಡನೆಯ ನೇಗಿಲು ತುಂಬಿದ. ಬೇಕಾದ್ದೆಲ್ಲ ಸಲೀಸಾಗಿ ಹಿಡಿಸಿತು. ಅಮ್ಮನ ಪಾಲಿನ ಗರಿಯ ಹಾಸಿಗೆ ಒಂದು ಮಾತ್ರ ಬಂತು, ಬೊಲಿವಿಯಾಗೆ ಬಂದ ಮೂರನೆಯ ತಿಂಗಳಿಗೆ ಬೂಷ್ಟು ಹಿಡಿಯಿತು. ಅಬ್ರಾಮ ಮಾವ ನಾನು ಹೇಳಿರಲಿಲ್ಲವಾ ಎಂದು ಸಾಯುವ ತನಕ ಅಂದ.

ಈಗ ನನಗೆ ಅಜ್ಜಿಗಿದ್ದಷ್ಟೇ ವಯಸ್ಸು. ಬೊಲಿವಿಯಾದ ಸಾಂತಾ ಕ್ರೂಸ್‌ನ ಈ ಸೆಕೆಯಲ್ಲಿ ನಮ್ಮದೇ ಊರು ಕಟ್ಟಿಕೊಂಡಿದ್ದೇವೆ, ಕಬ್ಬಿಣದ ಗಾಲಿ ಇನ್ನೂ ಇದೆ, ಹುಡುಗರು ಅದಕ್ಕೆ ಇನ್ನೂ ಗೊಣಗುತ್ತಾರೆ. ಲೇನಾಳಿಗೆ ಐದು ಮಕ್ಕಳಾದವು. ನಾಲ್ಕು ಹೆರಿಗೆಗೆ ಅಜ್ಜಿ ಇದ್ದಳೆಂದು ಕಾಗದ ಬಂತು, ಐದನೆಯದಕ್ಕೆ ಇರಲಿಲ್ಲವೆಂದೂ ಬಂತು. ಅಪ್ಪ ಆ ಕಾಗದವನ್ನು ಗಟ್ಟಿಯಾಗಿ ಓದಲಿಲ್ಲ. ಅಲ್ಲಿಗೆ ನಾವು ಯಾರೂ ಮತ್ತೆ ಹೋಗಲಿಲ್ಲ. ಆ ಒಣ ಬಯಲಿನ ಬೆಳಗಿನ ಚಳಿ, ಹಾಲಿನ ಡಬ್ಬದ ಮೇಲಿನ ಮಂಜು, ಇವು ನೆನಪಾದರೆ ಈ ಸೆಕೆಯಲ್ಲೂ ನನಗೆ ಶಾಲು ಹೊದೆಯಬೇಕು ಅನ್ನಿಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ನೆನಪಾಗುವುದು ಆ ಡಿಸೆಂಬರಿನಲ್ಲಿ, ಲೇನಾಳ ಮದುವೆಗೆ ಮುಂಚೆಯೇ, ನಾವು ಹೊರಟ ದಿನದ ಬೆಳಗು.

ನಮ್ಮ ಮನೆ ಖಾಲಿ, ಹಾಗಾಗಿ ತಿಂಡಿ ಅಜ್ಜಿಯ ಸಣ್ಣ ಮನೆಯಲ್ಲಿ. ಮೊಟ್ಟೆ, ಹಾಲು, ಗೋಧಿಹಿಟ್ಟು ಕಲಸಿ ಹುಯ್ಯುವ ತೆಳು ದೋಸೆ, ಮೇಲೆ ಪ್ಲಮ್ ಜಾಮು. ಒಂದೇ ಮೇಜು, ಎಂಟು ಜನ. ಸಾಮಾನು ಆಗಲೇ ರೈಲು ಹತ್ತಿತ್ತು; ನಮ್ಮನ್ನು ವಿಮಾನದ ಪಟ್ಟಣಕ್ಕೆ ಕರೆದೊಯ್ಯಲು ಬಾಡಿಗೆ ಲಾರಿ ಅಂಗಳದಲ್ಲಿ ನಿಂತಿತ್ತು. ಲಾರಿ ಇಟ್ಟುಕೊಳ್ಳುವುದು ನಮಗೆ ಪಾಪ, ಹತ್ತುವುದು ಅಲ್ಲ. ಅವಳಿಗಳಿಗೆ ಅಮ್ಮ ಕೋಟು ಹಾಕಿದಳು. ಯಾಕೋಬ ಲೇನಾಳ ಜಡೆ ಎಳೆದು, ಅಳು ಬರುವ ಮುಂಚೆ ಹೊರಗೆ ಹೋದ. ಲಾರಿಯವನು ಹಾರ್ನ್ ಹೊಡೆದ. ಎಲ್ಲರೂ ಎದ್ದೆವು, ಅಪ್ಪನೊಬ್ಬನನ್ನು ಬಿಟ್ಟು.

ಅಪ್ಪ ಹುಟ್ಟಿದಾಗಿಂದ ಬೆಳಗ್ಗೆ ಎರಡು ದೋಸೆ ತಿಂದು ಏಳುವವನು. ಅಂದು ನಾಲ್ಕು ತಿಂದ. ಅಜ್ಜಿ ಒಲೆಯ ಮುಂದೆ ನಿಂತು ಹುಯ್ದು ಹುಯ್ದು ತಂದು ಅವನ ತಟ್ಟೆಗೆ ಹಾಕುತ್ತಿದ್ದಳು. ಐದಾಯಿತು, ಆರಾಯಿತು. ಅಮ್ಮ ಬಾಗಿಲಲ್ಲಿ ನಿಂತು ಹೊತ್ತಾಯಿತು ಎಂದಳು. ಅಪ್ಪ ತಲೆ ಎತ್ತಲಿಲ್ಲ. ಎರಡನೆಯ ಹಾರ್ನ್ ಆಯಿತು.

"ಅಮ್ಮ, ಇನ್ನೊಂದು ಹಾಕು."

"ಹಿಟ್ಟು ಮುಗೀತಲ್ಲೋ."

"ಕಲಸಮ್ಮ," ಎಂದ ಅಪ್ಪ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು. "ಕಾಯ್ತೀನಿ."